ಎದುರು ಶುಕ್ರ

"ಭಾರಿ ತಗದೀರಿ ಅಜಯ ಸರ್!" ಎಂದು ಮುಧೋಳದ ಪ್ರೇಮಕುಮಾರ ಆಕಾಶ ನೋಡುವವರ ವಾಟ್ಸಾಪ್ ಗ್ರೂಪಿನಲ್ಲಿ ಬರೆದಿದ್ದ. ಅದರ ಕೆಳಗೆ ಬೀಳಗಿಯ ರೇಷ್ಮಾ ಚಪ್ಪಾಳೆ ಒತ್ತಿದ್ದಳು. ಜಮಖಂಡಿಯ ತವರುಮನೆಯಲ್ಲಿ ಕೂಸಿಗೆ ಹಾಲೂಡುತ್ತ ಕೂತಿದ್ದ ಮನೀಷಾ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು.

ಶುಕ್ರ. ಸಂಕ್ರಾಂತಿಯ ಹೊತ್ತಿಗೆ ಅರ್ಧ ಮುರಿದ ಹೋಳಿಗೆಯಂತಿದ್ದದ್ದು ಈಗ ಕುಡುಗೋಲಾಗಿತ್ತು. ಆದರೆ ಅಂಚು ಹಸಿ ಗೋಡೆಯ ಮೇಲಿನ ಬಣ್ಣದಂತೆ ಹರಡಿಕೊಂಡಿತ್ತು. ಫೋಕಸ್ಸೇ ಇಲ್ಲ. ಟೆಲಿಸ್ಕೋಪು ಅವಳದು. ಬನಹಟ್ಟಿಯ ಗಂಡನ ಮನೆಯ ಮಾಳಿಗೆಯ ಮೇಲೆ ಅದರ ಮೂರು ಕಾಲಿಗೆ ಸುಣ್ಣದ ಗುರುತು ಹಾಕಿದವಳು ಅವಳು. ಕೆಳಗೆ ಪವರ್‌ಲೂಮ್ ಓಡುವಾಗ ಮಾಳಿಗೆಯೆಲ್ಲ ನಡುಗಿ ಗ್ರಹ ಕುಣಿಯುತ್ತದೆ, ಆದ್ದರಿಂದ ಕರೆಂಟು ಹೋದಾಗಲೇ ಫೋಟೋ ಹಿಡಿಯಬೇಕು ಎಂದು ಕಂಡುಕೊಂಡವಳೂ ಅವಳೇ. ಬನಹಟ್ಟಿಯಲ್ಲಿ ಕರೆಂಟು ಹೋದರೆ ಊರೆಲ್ಲ ಬೈಯುತ್ತಿತ್ತು, ಅವಳೊಬ್ಬಳು ಮೆಟ್ಟಿಲು ಹತ್ತಿ ಓಡುತ್ತಿದ್ದಳು. ಅಜಯ ಬರೀ ಅವಳ ಗಂಡ.

ಗಣೇಶನ ಹಬ್ಬದ ಸುತ್ತಮುತ್ತ ಈ ಕೆಲಸ ಶುರುವಾಗಿತ್ತು. ಶುಕ್ರ ಪಶ್ಚಿಮದಲ್ಲಿ ಸಣ್ಣ ಗುಂಡಾಗಿ ಕಾಣಿಸಿಕೊಂಡ ದಿನದಿಂದ, ದೊಡ್ಡದಾಗುತ್ತ ತೆಳ್ಳಗಾಗುತ್ತ ಸೂರ್ಯನ ಬೆಳಕಿನಲ್ಲಿ ಮುಳುಗುವವರೆಗೆ, ಗ್ರೂಪಿನ ಒಬ್ಬೊಬ್ಬರು ತಮ್ಮ ತಮ್ಮ ಮಾಳಿಗೆಯಿಂದ ಫೋಟೋ ತೆಗೆದು ಜೋಡಿಸಬೇಕೆಂದು ಮಾತಾಗಿತ್ತು. ದೀಪಾವಳಿಗೆ ಮನೀಷಾ ಬಾಣಂತನಕ್ಕೆಂದು ತವರಿಗೆ ಬಂದಳು. ಟೆಲಿಸ್ಕೋಪು ತಂದುಕೊಡಿ ಎಂದು ಗಂಡನಿಗೆ ಹೇಳಿದಳು. "ಬಾಣಂತಿ ಥಂಡಿ ಗಾಳ್ಯಾಗ ಮಾಳಗಿ ಮ್ಯಾಲೆ ನಿಂದ್ರತಿಯೇನ? ಅವ್ವ ಬ್ಯಾಡ ಅಂದಾಳ" ಎಂದ. ಆಗಲಿ, ಕೂಸಿಗೆ ಮೂರು ತಿಂಗಳು ತುಂಬಲಿ, ಮನೆಗೇ ಹೋಗುತ್ತೇನೆ ಎಂದುಕೊಂಡಳು. ಮೂರು ತುಂಬಿ ನಾಲ್ಕಾಯಿತು. ಕರೆಯಲು ಯಾರೂ ಬರಲಿಲ್ಲ.

ಆ ಫೋಟೋ ಬಂದ ಮರುದಿನ ಬೆಳಿಗ್ಗೆ ಅತ್ತೆ ಮರೆವ್ವ ಬಂದಳು, ಅಜಯನ ಕಾರಿನಲ್ಲಿ, ಕೂಸಿನ ತಲೆ ಬೆನ್ನು ಮುಚ್ಚುವ ಕುಂಚಿಗೆ ಹೊಲಿಸಿಕೊಂಡು. ಮನೀಷಾಳ ಬ್ಯಾಗು ಹೊಸ್ತಿಲ ಹತ್ತಿರವೇ ತುಂಬಿ ನಿಂತಿತ್ತು. ಮರೆವ್ವ ಅದನ್ನು ನೋಡಿ ನಕ್ಕಳು.

"ಅಯ್ಯ, ಇಷ್ಟ್ಯಾಕ ಅವಸರಾ ಮಾಡತಿಬೇ? ಈಗ ಎದುರ ಶುಕ್ರ ಐತಿ. ಪಂಚಾಂಗ ನೋಡೂ ರಾಚಯ್ಯನವರನ್ನ ಕೇಳೇನಿ. ಕೂಸಿನ ತಾಯಿ ಶುಕ್ರನ ಎದುರ ಹೋಗಬಾರದು. ಜಮಖಂಡಿಯಿಂದ ಬನಹಟ್ಟಿ ಪಡುವಲಕ್ಕ, ಅಂವಾನೂ ಪಡುವಲಕ್ಕ ಕುಂತಾನ. ಯುಗಾದಿ ಆದಮ್ಯಾಲೆ ಮೂಡಲಕ್ಕ ಹೊಳ್ಳತಾನ, ಆವಾಗ ಕರಕೊಂಡ ಹೋಗತೇವಿ."

ಮನೀಷಾ ಗಂಡನ ಮುಖ ನೋಡಿದಳು. ಅಜಯ ಕಾರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತಿದ್ದ.

"ಯುಗಾದಿಗಿ ಶುಕ್ರ ಸೂರ್ಯನ್ನ ದಾಟಿ ಹೋಗಿರತೈತಿ" ಎಂದಳು. "ನಾ ನೋಡಬೇಕಾಗಿದ್ದೆಲ್ಲ ಅಷ್ಟರಾಗ ಮುಗದಿರತೈತಿ. ನಿಮಗ ಗೊತ್ತೈತೆಲ್ಲ ರೀ?"

"ಒಂದ್ ತಿಂಗಳ ಮಾತು. ಫೋಟೋ ನಾ ತಗ್ಯಾಕತ್ತೇನಲ್ಲ."

"ನೀವು ತಗ್ಯಾಕತ್ತಿದ್ದು ಫೋಟೋ ಅಲ್ಲರಿ, ಮಬ್ಬು."

ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಅವಳ ಅಪ್ಪ ಹುಲೆಪ್ಪ ಕೆಮ್ಮಿದ. ಬೀಗರ ಮುಂದೆ ಮಗಳು ದನಿ ಎತ್ತಿದಾಗ ಅವನಿಗೆ ಬರುವ ಕೆಮ್ಮು ಅದು.

ಮನೀಷಾಳ ಕಿವಿ ಬಿಸಿಯಾಯಿತು. ತಾನು ಆರು ತಿಂಗಳಿಂದ ಹಗಲೂ ಸಂಜೆ ನೆನೆದ ಗ್ರಹ ತನ್ನ ದಾರಿಗೇ ಅಡ್ಡ ಮಲಗಿದೆಯಂತೆ! ಅದಕ್ಕೆ ರಸ್ತೆ ಗೊತ್ತೆ, ಬಸ್ಸು ಗೊತ್ತೆ, ಬಾಣಂತಿ ಗೊತ್ತೆ? ಕೂಸನ್ನು ಅವ್ವನ ತೊಡೆಗೆ ಹಾಕಿ ಒಳಗೆ ಹೋದಳು. ಕಾಲೇಜಿನ ದಿನಗಳ ಹಳೆಯ ದುರ್ಬೀನು ಹುಡುಕಿ ತಂದು, "ಅತ್ತಿ, ಮಾಳಗಿ ಮ್ಯಾಲೆ ಬರ್ರಿ. ಈಗಿಂದೀಗ" ಎಂದಳು.

ಮರೆವ್ವ ಮೊಣಕಾಲು ಹಿಡಿದುಕೊಂಡು ಹತ್ತಿದಳು. ಹಿಂದೆ ಎಲ್ಲರೂ ಹತ್ತಿದರು. ಬಿಸಿಲು ಆಗಲೇ ಏರಿತ್ತು. ಮನೀಷಾ ಅತ್ತೆಯನ್ನು ನೀರಿನ ಟಾಕಿಯ ನೆರಳಿನಲ್ಲಿ, ಸೂರ್ಯ ಟಾಕಿಯ ಹಿಂದೆ ಪೂರ್ತಿ ಮರೆಯಾಗುವಂತೆ ನಿಲ್ಲಿಸಿ, ಅಲ್ಲಿಂದ ಕದಲಬೇಡಿ ಎಂದು ಎರಡು ಸಲ ಹೇಳಿದಳು. ಮೊದಲು ತಾನು ಹುಡುಕಿದಳು. ನೀಲಿ, ಬರೀ ನೀಲಿ, ಆಮೇಲೆ ಸಣ್ಣ ಬಿಳಿ ಗೀರು. ದುರ್ಬೀನನ್ನು ಅತ್ತೆಯ ಕೈಗೆ ಕೊಟ್ಟು ಅವಳ ಗದ್ದ ಹಿಡಿದು ತಿರುಗಿಸಿದಳು.

"ಆ ಬೇವಿನ ಗಿಡದ ತುದಿಗಿಂತ ಮ್ಯಾಲೆ. ಕಂಡಿತ?"

"ಏನೂ ಇಲ್ಲಬೇ... ತಡಿ ತಡಿ. ಅಯ್ಯ ಶಿವನ! ಹಗಲಿನ್ಯಾಗ ಚಂದ್ರಾಮ!"

"ಚಂದ್ರಾಮ ಅಲ್ಲರಿ. ಶುಕ್ರ."

"ಶುಕ್ರಂದೂ ಅಮಾಸಿ ಹುಣ್ಣಿವಿ ಇರತೈತೇನ?" ಮರೆವ್ವ ಕಣ್ಣು ತೆಗೆಯಲಿಲ್ಲ.

"ಇರತೈತಿ. ಈಗ ಅಮಾಸಿಗಿ ಹೊಂಟೈತಿ. ಅದಿರಲಿ, ಈಗ ಯಾವ ದಿಕ್ಕಿಗಿ ಐತಿ ಹೇಳ್ರಿ."

"ಮೂಡಲಕ್ಕ."

"ಬನಹಟ್ಟಿ?"

"ಪಡುವಲಕ್ಕ."

"ಸೂರ್ಯನಂಗ ಅದೂ ಮುಂಜಾನೆ ಮೂಡಲಕ್ಕ ಹುಟ್ಟಿ ಸಂಜಿಗಿ ಪಡುವಲಕ್ಕ ಇಳಿತೈತಿ. ಅಂದ್ರ ಈಗ ಹೊಂಟ್ರ ನಿಮ್ಮ ಶುಕ್ರ ಎದುರಿಗಿ ಇರತಾನೋ, ಬೆನ್ನಿಗಿ ಇರತಾನೋ?"

ಮರೆವ್ವ ದುರ್ಬೀನು ಇಳಿಸಿದಳು. ಸೊಸೆಯನ್ನು ಕೆಳಗಿನಿಂದ ಮೇಲೆ ನೋಡಿದಳು. ಈಗ ನಗೆಪಾಟಲಾಗಲಿ ಇವರ ಎದುರು ಶುಕ್ರ, ಎಲ್ಲರೂ ತಲೆ ತಗ್ಗಿಸಲಿ, ಒಬ್ಬರಾದರೂ "ತಪ್ಪಾತು" ಎನ್ನಲಿ ಎಂದು ಮನೀಷಾ ಕಾದಳು.

ಮರೆವ್ವ ಮಗನಿಗೆ, "ರಾಚಯ್ಯನವರಿಗಿ ಫೋನ್ ಹಚ್ಚೋ" ಎಂದಳು.

ಸ್ಪೀಕರಿನಲ್ಲಿ ರಾಚಯ್ಯನವರು ವಿಷಯ ಕೇಳಿ ಹ್ಞೂಂಗುಟ್ಟಿದರು. "ಮೂಡಲಕ್ಕ ಖರೇನ ಕಂಡಾನ? ಹಂಗಾರ ದೋಷ ಹತ್ತಂಗಿಲ್ಲವಾ. ಮಧ್ಯಾಹ್ನದೊಳಗ ಹೊಸ್ತಿಲಾ ದಾಟಿಸಿಬಿಡ್ರಿ. ಶಾಣ್ಯಾಕಿ ಅದಾಳ ನಿಮ್ಮ ಸೊಸಿ."

ಮಾಳಿಗೆಯ ಮೇಲೆ ಹಬ್ಬವಾಯಿತು. ಅವ್ವ ಕೂಸಿನ ಹಾಸಿಗೆ ಕಟ್ಟಲು ಓಡಿದಳು. ಹುಲೆಪ್ಪನ ಕೆಮ್ಮು ನಿಂತಿತು. ಅಜಯ ಹತ್ತಿರ ಬಂದು ಪಿಸುಗುಟ್ಟಿದ: "ನೋಡು, ಜಗಳ ಇಲ್ಲದ ಆತಲ್ಲ. ಗೆದ್ದಿ ನೀ."

ಮನೀಷಾ ಅತ್ತೆಯ ಕೈಯಿಂದ ದುರ್ಬೀನು ತೆಗೆದುಕೊಂಡಳು. ಗೆದ್ದದ್ದು ಏನನ್ನು? ಇಷ್ಟು ದಿನ ಬಾಯಿ ಬಿಡದವನು ಈಗಲೂ ಬಾಯಿ ಬಿಟ್ಟಿರಲಿಲ್ಲ. ಅವಳನ್ನು ಕರೆಯುತ್ತಿರುವುದು ಅವನಲ್ಲ, ಅತ್ತೆಯಲ್ಲ. ಇವತ್ತಿನ ಮಟ್ಟಿಗೆ ಬೆನ್ನ ಹಿಂದೆ ನಿಂತ ಒಂದು ಗ್ರಹ, ಫೋನಿನಲ್ಲಿ ಒಬ್ಬ ಅಯ್ಯ. ಸುಳ್ಳನ್ನು ಸುಳ್ಳೆಂದು ತೋರಿಸಲು ದುರ್ಬೀನು ಹಿಡಿದವಳು, ಅದರೊಳಗೇ ಒಂದು ಕಿಂಡಿ ಕೊರೆದು ಬಗ್ಗಿ ನುಸುಳಲು ಹೊರಟಿದ್ದಳು. ಸಿಟ್ಟು ಈಗ ತನ್ನ ಮೇಲೂ ಬಂತು.

"ನಾ ಈಗ ಬರಂಗಿಲ್ಲ" ಎಂದಳು.

"ಮತ್ತೇನಾತು?"

"ಸಂಜಿಗಿ ಬರತೇನಿ. ಬಸ್ಸಿಗಿ."

"ಸಂಜಿಗಿ ಎದುರ ಬರತಾನಲ್ಲಬೇ!" ಮರೆವ್ವ ಎದೆಯ ಮೇಲೆ ಕೈ ಇಟ್ಟಳು. "ನೀನ ತೋರಿಸಿದಿ, ನೀನ ಹೇಳಿದಿ!"

"ಅದಕ್ಕ ಸಂಜಿಗಿ ಬರತೇನಿ. ಇವತ್ತ ಬೆನ್ನಿಗಿ ಐತಂತ ಕರಕೊಂಡ ಹೊಂಟೀರಿ. ನಾಳೆ ಕೂಸಿಗಿ ಜ್ವರಾ ಬಂದು ಸಂಜಿಮುಂದ ತೇರದಾಳದ ಡಾಕ್ಟರ ಕಡೆ ಓಡಬೇಕಾದ್ರ ಯಾರನ್ನ ಕೇಳ್ಲಿ? ರಾಚಯ್ಯನವರನ್ನೋ, ಶುಕ್ರನ್ನೋ?"

"ಹುಚ್ಚ ಹಿಡದೈತೇನ ನಿನಗ?" ಅಜಯನ ದನಿ ಏರಿತು. "ಹೂಂ ಅಂದಮ್ಯಾಲೂ ಜಗಳ ತಗೀತಿ!"

"ಹೂಂ ಅಂದವರ್ಯಾರು? ನೀವು ಅಂದ್ರೇನ? ಒಂದ ಸರ್ತಿ ಅನ್ರಿ. ಮನೀಷಾ, ನಿನ್ನ ಮನಿಗಿ ನೀ ಯಾವಾಗರ ಬಾ ಅಂತ. ಅವ್ವನ ಮುಂದ. ಈಗ ಕಾರ ಹತ್ತತೇನಿ."

ಅಜಯ ತಾಯಿಯ ಕಡೆ ನೋಡಿದ. ಕೀಲಿ ಬೆರಳಿನಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಸಂಜಿಗಿ ಬಂದ್ರ ನಾ ಬಾಗಲಾ ತಗಿಯಂಗಿಲ್ಲ" ಎಂದು ಮರೆವ್ವ ಮೆಟ್ಟಿಲು ಇಳಿದಳು. ಕಾರು ಹೋಯಿತು.

ಸಂಜೆ ಹುಲೆಪ್ಪ ಮಗಳ ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಬಂದ. ದಾರಿಯುದ್ದಕ್ಕೂ ಬೈದ. ಆದರೂ ಬ್ಯಾಗನ್ನು ಕೆಳಗಿಡಲಿಲ್ಲ. ಸೀಟಿನ ಕೆಳಗೆ ತಳ್ಳಿ, "ಮುಟ್ಟಿದಮ್ಯಾಲೆ ಫೋನ್ ಮಾಡವಾ" ಎಂದು ಇಳಿದುಹೋದ.

ಮನೀಷಾ ಮುಂದಿನ ಸೀಟಿನಲ್ಲಿ ಕೂಸನ್ನು ಎದೆಗೆ ಒತ್ತಿ ಕೂತಿದ್ದಳು. ಕಂಡಕ್ಟರ್ ಆಧಾರ್ ನೋಡಿ ಪುಕ್ಕಟೆ ಟಿಕೆಟ್ ಹರಿದುಕೊಟ್ಟ. ಊರು ದಾಟುತ್ತಿದ್ದಂತೆ ಕಬ್ಬಿನ ಗಾಡಿಗಳ ಧೂಳಿನ ಮೇಲೆ, ಡ್ರೈವರನ ಗಾಜಿನ ನಟ್ಟನಡುವೆ ಅದು ಹೊತ್ತಿಕೊಂಡಿತು. ಎಂಥ ಬೆಳಕು! ಸಿಟ್ಟಿನಲ್ಲೂ ಅವಳಿಗೆ ಅದನ್ನು ನೋಡದಿರಲು ಆಗಲಿಲ್ಲ.

ಪಕ್ಕದ ಮುದುಕಿ ಕೂಸಿನ ಕೆನ್ನೆ ಮುಟ್ಟಿದಳು. "ಎಳೀ ಕೂಸು. ಎದುರ ಶುಕ್ರ ಐತಲ್ಲವಾ, ಎಲ್ಲಿಗಿ ಹೊಂಟಿ?"

"ಅದನ್ನ ನೋಡಾಕ ಹೊಂಟೇನಿ, ಆಯಿ."

ಫೋನು ನಡುಗಿತು. ಅಜಯ. "ಅವ್ವ ಅಗಳಿ ಹಾಕ್ಯಾಳ. ನಾ ಏನ್ ಮಾಡ್ಲಿ ಹೇಳು?" ಹಿಂದೆ ಮಗ್ಗಗಳ ಸದ್ದು ಬಡಿಯುತ್ತಿತ್ತು.

"ನಾ ಹೇಳಂಗಿಲ್ಲ" ಎಂದಳು ಮನೀಷಾ. "ಬನಹಟ್ಟಿ ಬರೂತನಾ ನಿಮಗ ಟೈಮ್ ಐತಿ. ಅಗಳಿ ಒಳಗಿನ ಕಡೆ ಐತಿ. ನೀವೂ ಒಳಗ ಅದೀರಿ."

ಅವನು ಏನಾದರೂ ಹೇಳುವ ಮೊದಲೇ ಫೋನು ಇಟ್ಟಳು. ಕೂಸು ಎದ್ದು ಅಳತೊಡಗಿತು. ಬಸ್ಸು ಪಶ್ಚಿಮಕ್ಕೆ ಓಡುತ್ತಿತ್ತು.