ಗಿಡುಗಕ್ಕೊಂದು ಬಸವನಹುಳು

ಪಂದ್ಯಾವಳಿಗೆ ಹೋದ ನಮ್ಮವರೆಲ್ಲ ಮೊದಲ ಸುತ್ತಿನಲ್ಲೇ ಮಣ್ಣು ಮುಕ್ಕಿದರು. ಒಬ್ಬರಲ್ಲ ಇಬ್ಬರಲ್ಲ, ನನ್ನ ಕಾರ್ಯಾಗಾರದಲ್ಲಿ ಕಲಿತವರು ಪ್ರತಿಯೊಬ್ಬರೂ. ಬೇರೆ ಕಡೆಯಿಂದ ಬಂದವರು ಊಟದ ಹೊತ್ತಿನವರೆಗಾದರೂ ಕುರ್ಚಿ ಬಿಸಿ ಮಾಡಿದರು. ನಮ್ಮವರು ಅಷ್ಟರಲ್ಲಾಗಲೇ ಗೋಡೆಗೆ ಒರಗಿ, ಕೈ ಕಟ್ಟಿಕೊಂಡು, ಬೇರೆಯವರ ಆಟ ನೋಡುತ್ತ ನಿಂತಿದ್ದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಿಂದಿನ ಶನಿವಾರ ನನ್ನನ್ನು ಒಬ್ಬರಾದ ಮೇಲೊಬ್ಬರು ಸೋಲಿಸಿ ಕುಣಿದಾಡಿದವರು ಇವರೇ ತಾನೇ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ನೂರಾರು ಪ್ರಾಣಿಗಳ ಕಾರ್ಡುಗಳಲ್ಲಿ ಆರನ್ನು ಆರಿಸಿ ಒಂದು ತಂಡ ಕಟ್ಟಬೇಕು. ಒಂದೊಂದು ಪ್ರಾಣಿಗೂ ಒಂದು ಬಲ, ಒಂದು ಕುಂದು. ಒಂದರ ಕುಂದನ್ನು ಇನ್ನೊಂದರ ಬಲ ಮುಚ್ಚಬೇಕು. ಎದುರಿಗೆ ಯಾರು ಬಂದು ಕೂರುತ್ತಾರೆ, ಏನು ಹಿಡಿದು ತರುತ್ತಾರೆ ಅಂತ ಮೊದಲೇ ತಿಳಿಯುವುದಿಲ್ಲ. ಅರ್ಧ ಗೆಲುವು ಈ ಆರಿಸುವುದರಲ್ಲೇ ಇದೆ, ಹೊಸಬರು ಎಡವುವುದೂ ಇಲ್ಲೇ. ಕಣ್ಣಿಗೆ ಚಂದ ಕಂಡ ಆರು ಪ್ರಾಣಿಗಳನ್ನು ಎತ್ತಿಕೊಂಡು ಬಂದು, ಸೋತು, ಇದು ನಮಗಲ್ಲ ಅಂತ ಎದ್ದು ಹೋಗುತ್ತಾರೆ. ಹಾಗಾಗದಿರಲಿ ಅಂತಲೇ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಶನಿವಾರ ಸಂಜೆ ನಾನು ತಂಡ ಕಟ್ಟುವುದನ್ನು ಹೇಳಿಕೊಡಲು ಶುರು ಮಾಡಿದ್ದು.

ಸೋತವರನ್ನೆಲ್ಲ ಕರೆದು ಕ್ಯಾಂಟೀನಿನ ಉದ್ದನೆ ಮೇಜಿನ ಮುಂದೆ ಕೂರಿಸಿದೆ. "ತೆಗೀರಿ ನಿಮ್ಮ ನಿಮ್ಮ ತಂಡ," ಅಂದೆ. ಸಾಲಾಗಿ ಹರಡಿದರು. ಒಬ್ಬೊಬ್ಬರೆದುರು ಆಡುವಾಗ ಹೊಳೆಯದೇ ಇದ್ದದ್ದು ಈಗ ಕಣ್ಣಿಗೆ ಹೊಡೆಯಿತು. ಎಲ್ಲರ ತಂಡದಲ್ಲೂ ಒಂದೊಂದು ಬಸವನಹುಳು.

ಬಸವನಹುಳುವನ್ನು ಈ ಆಟದಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಅದಕ್ಕೆ ಬರುವುದು ಒಂದೇ ವಿದ್ಯೆ, ಮೊದಲ ಸರದಿಯಲ್ಲಿ ಚಿಪ್ಪಿನೊಳಗೆ ಸೇರಿಕೊಳ್ಳುವುದು. ಮೊದಲ ಏಟಿಗೇ ಶಕ್ತಿಯನ್ನೆಲ್ಲ ಸುರಿದು ಆಮೇಲೆ ಸುಸ್ತಾಗಿ ಕೂರುವ ಪ್ರಾಣಿಯೆದುರು ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಅಂಥ ಪ್ರಾಣಿ ಗಿಡುಗ. ಗಿಡುಗ ಹಳೇ ಕಾರ್ಡು, ಈಗ ಅದನ್ನು ಆಡುವವರಿಲ್ಲ. ನಾನೊಬ್ಬಳು ಆಡುತ್ತೇನೆ.

ದಪ್ಪ ಗಾಜಿನ ಕನ್ನಡಕ ಹಾಕುವ ಕಾಲೇಜು ಹುಡುಗಿಯೊಬ್ಬಳಿದ್ದಾಳೆ, ಅವಳನ್ನು ಎಲ್ಲರೂ ಕನ್ನಡಕ ಅಂತಲೇ ಕರೆಯುವುದು. ಅವಳೇ ಬಾಯಿಬಿಟ್ಟಳು: "ನಾವು ಆಟ ಕಲೀಲಿಲ್ಲ ಆಂಟಿ. ನಿಮ್ಮನ್ನ ಸೋಲಿಸೋದು ಕಲಿತ್ವಿ, ಅಷ್ಟೇ."

ಆಂಟಿ ಅನ್ನಬೇಡ ಅಂತ ಎಷ್ಟು ಸಲ ಹೇಳಿದ್ದೇನೋ. ಅವತ್ತು ಅವಳ ಬಸವನಹುಳುವನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದೆ.

"ಸುಮ್ನಿರಮ್ಮಾ, ಮೇಡಂ ಬೇಜಾರು ಮಾಡ್ಕೋತಾರೆ," ಅಂದ ಡ್ರೈವರ್. ಅವನು ಬಸ್ ಓಡಿಸುವವನು, ನಮ್ಮಲ್ಲಿ ಎಲ್ಲರಿಗಿಂತ ಜೋರು ದನಿಯವನು. ಪಿಸುಗುಟ್ಟಿದರೂ ಪಕ್ಕದ ಮೇಜಿಗೆ ಕೇಳಿಸುತ್ತದೆ.

ಹುಡುಗಿ ಹೇಳಿದ್ದು ಸುಳ್ಳಲ್ಲ. ನಾನು ಏರ್ಪಾಟು ಮಾಡಿದ್ದೇ ಹಾಗೆ. ಒಬ್ಬೊಬ್ಬರೇ ಬಂದು ನನ್ನೆದುರು ಕೂತು ಆಡಬೇಕು, ಉಳಿದವರು ನೋಡಬೇಕು. ಒಬ್ಬೊಬ್ಬರ ತಪ್ಪನ್ನೂ ಹತ್ತಿರದಿಂದ ನೋಡಿ ತಿದ್ದಬಹುದು ಅಂತ ನನ್ನ ಲೆಕ್ಕ. ಆದರೆ ಸುತ್ತಿ ಬಳಸಿ ಹೇಳುವುದೇಕೆ? ವಾರವಿಡೀ ಕಾದು, ಶನಿವಾರ ಒಬ್ಬರಾದ ಮೇಲೊಬ್ಬರು ನನ್ನ ಮುಖ ನೋಡುತ್ತ ಎದುರಿಗೆ ಕೂರುತ್ತಿದ್ದರಲ್ಲ, ಅದು ನನಗೆ ಬೇಕಾಗಿತ್ತು.

ನನ್ನ ಕೆಲಸ ಕಟ್ಟುಹಲ್ಲು ಮಾಡುವುದು. ದಂತ ಚಿಕಿತ್ಸಾಲಯಗಳಿಂದ ಜನರ ಬಾಯಿಯ ಅಚ್ಚು ಬರುತ್ತದೆ. ನಾನು ಅದಕ್ಕೆ ಸುಣ್ಣದಂಥ ಪ್ಲಾಸ್ಟರ್ ಕಲಸಿ ಸುರಿದು, ಮೇಲಿನ ಸಾಲು ಕೆಳಗಿನ ಸಾಲಿಗೆ ಕೂರುವಂತೆ ಉಜ್ಜಿ, ಹಲ್ಲು ಜೋಡಿಸಿ ಕಳಿಸುತ್ತೇನೆ. ಎಷ್ಟೋ ಬಾಯಿಗಳು ನನಗೆ ಗೊತ್ತು, ಅವುಗಳಿಂದ ಒಂದು ಮಾತೂ ಕೇಳಿಲ್ಲ. ಮದುವೆ ಆಗಿತ್ತು, ಮುಗಿಯಿತು. ಅದನ್ನು ಇಲ್ಲಿ ಎಳೆದು ತರುವುದು ಬೇಡ. ನನ್ನಕ್ಕ ಒಬ್ಬಳು ಆಗಾಗ ಫೋನ್ ಮಾಡಿ, "ಇನ್ನೂ ಆ ನರಿ ನಾಯಿ ಚಿತ್ರ ಇಟ್ಕೊಂಡು ಕೂತಿದೀಯೇನೇ?" ಅಂತ ಕೇಳುತ್ತಾಳೆ. ಹೌದು ಅಂದರೆ ನಿಟ್ಟುಸಿರು ಬಿಡುತ್ತಾಳೆ. ಅವಳ ನಿಟ್ಟುಸಿರಿಗೇನೂ ನಾನು ದುಡ್ಡು ಕೊಡುತ್ತಿಲ್ಲವಲ್ಲ, ಬಿಡಲಿ.

ಮುಂದಿನ ಶನಿವಾರ ಮೇಜುಗಳನ್ನೆಲ್ಲ ಸರಿಸಿ ಎರಡೆರಡು ಕುರ್ಚಿ ಎದುರುಬದುರಾಗಿ ಇಟ್ಟೆ. ಬೋರ್ಡಿನ ಮೇಲೆ ಬರೆದೆ: "ಯಾರೋ ಒಬ್ಬರಿಗೋಸ್ಕರ ತಂಡದಲ್ಲಿ ಜಾಗ ಇಡಬಾರದು." ಇನ್ನು ಮೇಲೆ ನೀವು ನೀವೇ ಆಡಿ, ಸುತ್ತು ಮುಗಿದ ಕೂಡಲೇ ಎದುರಾಳಿ ಬದಲಾಗಬೇಕು, ಆಟ ಮುಗಿದ ಮೇಲೆ ಸೋತವರು ಗೆದ್ದವರ ತಂಡ ಬಿಚ್ಚಿಸಿ, ಹೇಗೆ ಕಟ್ಟಿದರು ಅಂತ ಕೇಳಬೇಕು, ಅಂದೆ. "ಮತ್ತೆ ನೀವು?" ಅಂತ ಕನ್ನಡಕ ಕೇಳಿದಳು. ಜೋಡಿ ಸಿಗದೆ ಒಬ್ಬರು ಉಳಿದರೆ ಮಾತ್ರ ನಾನು ಕೂರುತ್ತೇನೆ ಅಂದೆ.

ಕಾರ್ಯಾಗಾರ ಸುಧಾರಿಸಿತು, ಅದರಲ್ಲಿ ಎರಡು ಮಾತಿಲ್ಲ. ಒಮ್ಮೆ ಬಂದು ಮಾಯವಾಗುತ್ತಿದ್ದ ಹೊಸಬರು ಮತ್ತೆ ಬರತೊಡಗಿದರು. ಬಸವನಹುಳುಗಳು ಕಾರ್ಡಿನ ಡಬ್ಬಿ ಸೇರಿದವು. ಕೋಣೆಯಲ್ಲಿ ಎಂಥ ಗದ್ದಲ ಅಂದರೆ ಕೆಳಗಿನಿಂದ ಗ್ರಂಥಪಾಲಕಿ ಬಂದು ಬಾಗಿಲಲ್ಲಿ ನಿಂತು ಕೆಮ್ಮಬೇಕಾಗುತ್ತಿತ್ತು. ನಾನು ಬೆನ್ನ ಹಿಂದೆ ಕೈ ಕಟ್ಟಿ, ಮೇಜಿನಿಂದ ಮೇಜಿಗೆ, ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ ಓಡಾಡುತ್ತಿದ್ದೆ. ನನ್ನ ಗಿಡುಗ ಕೈಚೀಲದಲ್ಲಿರುತ್ತಿತ್ತು.

ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿತು. ಮೆಟ್ಟಿಲು ಹತ್ತುವಾಗಲೇ ತಲೆ ಎಣಿಸುವುದು. ಎಲ್ಲರಿಗೂ ಜೋಡಿ ಸಿಕ್ಕಿದರೆ ಮುಖ ಸಪ್ಪಗಾಗುವುದು, ಒಬ್ಬರು ಉಳಿದರೆ ಎದೆ ಅರಳುವುದು. ಒಮ್ಮೆ ಡ್ರೈವರ್‌ಗೆ ಜ್ವರ ಅಂತ ಸುದ್ದಿ ಬಂದಾಗ, ಅಯ್ಯೋ ಪಾಪ ಅಂತ ಬಾಯಲ್ಲಿ ಅನ್ನುತ್ತ ಕೈ ಆಗಲೇ ಚೀಲದೊಳಗೆ ಗಿಡುಗ ಹುಡುಕುತ್ತಿತ್ತು. ಥೂ, ಏನು ಹೆಂಗಸು ನಾನು ಅನ್ನಿಸಿತು. ಆದರೂ ಆಡಿದೆ.

ಆ ದಿನಗಳಲ್ಲೇ ನಾನು ಹಲ್ಲು ಮಾಡುವ ಪ್ರಯೋಗಾಲಯಕ್ಕೆ ಅಚ್ಚು ತರುವವನು ಬದಲಾದ. ಹೊಸಬ ನನ್ನ ವಯಸ್ಸಿನವನೇ, ಕಿವಿಯ ಮೇಲೆ ಕೂದಲು ನರೆತಿತ್ತು, ಈ ಊರಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ನಾನು ಅಚ್ಚಣ್ಣ ಅಂತ ಹೆಸರಿಟ್ಟೆ, ಅವನು ಬೇಡ ಅನ್ನಲಿಲ್ಲ. ಅಚ್ಚಿನ ಡಬ್ಬ ಕೊಟ್ಟು ಹೋದವನು ಮಧ್ಯಾಹ್ನ ಹೊರಗಿನ ಮೆಟ್ಟಿಲ ಮೇಲೆ ಒಬ್ಬನೇ ಕೂತು, ಗೋಡೆ ನೋಡುತ್ತ ಊಟ ಮಾಡುವುದನ್ನು ಕಿಟಕಿಯಿಂದ ಕಂಡಿದ್ದೆ. ಒಂದು ದಿನ ನನ್ನ ಮೇಜಿನ ಮೇಲೆ, ಪ್ಲಾಸ್ಟರ್ ದವಡೆಗಳ ನಡುವೆ ಗಿಡುಗದ ಕಾರ್ಡು ನೋಡಿದ.

"ಇದೇನು ಮೇಡಂ, ಹಲ್ಲಿಗೆ ಗಿಡುಗ ಕಾವಲಾ?"

ನಾನು ನಕ್ಕುಬಿಟ್ಟೆ. ಆ ಕೋಣೆಯಲ್ಲಿ ನಗುವುದು ಹೇಗೆ ಕೇಳಿಸುತ್ತದೆ ಅಂತಲೇ ಮರೆತುಹೋಗಿತ್ತು.

ಅಲ್ಲಿಂದ ಊಟದ ಹೊತ್ತಿನಲ್ಲಿ ಆಟ ಶುರುವಾಯಿತು. ಸುಣ್ಣದಂಥ ಪುಡಿ ಒರೆಸಿ, ದವಡೆಗಳನ್ನು ಪಕ್ಕಕ್ಕೆ ಸರಿಸಿ, ಅವನನ್ನು ಎದುರಿಗೆ ಕೂರಿಸಿ ಕಲಿಸಿದೆ. ಅವನು ಸೋತು ಸೋತು ಸುಣ್ಣವಾದ, ಆದರೆ ಮಾರನೇ ದಿನ ಮತ್ತೆ ಬಂದು ಕೂರುತ್ತಿದ್ದ. ನಾನು ಎರಡು ಡಬ್ಬಿ ಊಟ ಕಟ್ಟತೊಡಗಿದೆ. ಶನಿವಾರ ಯಾರು ಉಳಿದರು, ಯಾರು ಉಳಿಯಲಿಲ್ಲ ಅನ್ನುವುದು ಅಷ್ಟಾಗಿ ಚುಚ್ಚುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಕಾರ್ಡಿನ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಕಾರ್ಡು ಎತ್ತಿದ. "ಇದು ಚೆನ್ನಾಗಿದೆ ಮೇಡಂ. ಗಲಾಟೆ ಅಂದ್ರೆ ಒಳಗೆ ಹೋಗಿ ಕೂತ್ಕೊಳ್ಳುತ್ತೆ, ಥೇಟ್ ನನ್ನ ಹಾಗೇ," ಅಂದ. ಬಸವನಹುಳು. ನನ್ನ ಗಿಡುಗ ಎರಗಿತು, ಸುಸ್ತಾಯಿತು, ಅವನು ಗೆದ್ದ. ಮೊದಲ ಗೆಲುವು. ಎರಡೂ ಕೈಯೆತ್ತಿ ಕೂಗಿದ ರಭಸಕ್ಕೆ ಯಾರದೋ ಕೆಳದವಡೆ ಉರುಳಿ ನೆಲಕ್ಕೆ ಬಿತ್ತು.

ಬಿದ್ದ ದವಡೆಯ ಕಡೆ ನಾನು ನೋಡಲಿಲ್ಲ, ಅವನ ಬಸವನಹುಳುವನ್ನೇ ನೋಡಿದೆ. ಅದೇ ಹಳ್ಳಕ್ಕೆ ಮತ್ತೊಬ್ಬನನ್ನು ಕೈ ಹಿಡಿದು ಇಳಿಸಿದ್ದೆ. ಅವನು ಕಲಿತದ್ದು ಆಟವನ್ನಲ್ಲ, ನನ್ನನ್ನು.

"ಶನಿವಾರ ನೀವು ಕಲಿಸ್ತೀರಂತಲ್ಲ, ಅಲ್ಲಿಗೆ ನಾನೂ ಬರಬಹುದಾ?" ಅಂತ ಕೇಳಿದ.

"ಜಾಗ ಇಲ್ಲ. ಎಲ್ಲಾ ಭರ್ತಿ ಆಗಿದೆ," ಅಂದೆ. ಯೋಚಿಸುವ ಮೊದಲೇ ಬಾಯಿ ಆಡಿಬಿಟ್ಟಿತ್ತು.

"ಪರವಾಗಿಲ್ಲ ಬಿಡಿ. ರಜಾ ದಿನ ನಾನು ಯಾವುದಾದ್ರೂ ಬಸ್ ಹತ್ತಿ ಕೊನೇ ಸ್ಟಾಪಿನ ತನಕ ಹೋಗಿ, ಇಳೀದೆ ಅದರಲ್ಲೇ ವಾಪಸ್ ಬರ್ತೀನಿ. ಹೊತ್ತು ಹೋಗುತ್ತೆ."

ಬಿದ್ದ ದವಡೆಯನ್ನು ಎತ್ತಿ ಒರೆಸಿ ಮೇಜಿನ ಮೇಲಿಟ್ಟು, ಊಟದ ಡಬ್ಬಿ ತೊಳೆದುಕೊಂಡು ಹೋದ. ಅವನು ದೂರಿದ್ದರೆ ಜಗಳವಾಡಬಹುದಿತ್ತು. ಜಗಳ ನನಗೆ ಚೆನ್ನಾಗಿ ಬರುತ್ತದೆ. ಇದಕ್ಕೆ ಏನು ಮಾಡಬೇಕೋ ತಿಳಿಯಲಿಲ್ಲ. ಅವನನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಅವನಿಗೆ ಒಂದು ಕೋಣೆ ತುಂಬ ಜನ ಸಿಗುತ್ತಾರೆ. ಆಮೇಲೆ ಈ ಮೇಜಿಗೆ ಯಾಕೆ ಬರುತ್ತಾನೆ? ವಾರವಿಡೀ ಕಟ್ಟುಹಲ್ಲು ಉಜ್ಜುತ್ತ ಇದನ್ನೇ ಉಜ್ಜಿದೆ. ಶುಕ್ರವಾರ, ಒಬ್ಬರು ಬಿಟ್ಟರು, ಜಾಗ ಖಾಲಿಯಾಯಿತು, ನಾಳೆ ಬನ್ನಿ, ಅಂದೆ. ಅದೂ ಸುಳ್ಳೇ.

ಶನಿವಾರ ಮೆಟ್ಟಿಲು ಹತ್ತಿ ಎಣಿಸಿದೆ. ಎಲ್ಲರೂ ಜೋಡಿಯಾಗಿ ಕೂತಾಗಿತ್ತು, ಕನ್ನಡಕ ಒಬ್ಬಳನ್ನು ಬಿಟ್ಟು. ಅವಳು ಎದುರಿನ ಕುರ್ಚಿಯನ್ನು ಆಗಲೇ ನನಗಾಗಿ ಎಳೆದಿಟ್ಟಿದ್ದಳು. "ಬನ್ನಿ ಆಂಟಿ, ಇವತ್ತು ನನಗೆ ನೀವೇ ಗತಿ," ಅಂದಳು.

ಅಚ್ಚಣ್ಣ ನನ್ನ ಬೆನ್ನ ಹಿಂದೆ, ಒಳಗೆ ಬರಲೋ ಬೇಡವೋ ಅನ್ನುವಂತೆ ನಿಂತಿದ್ದ. ನಾನು ಆ ಕುರ್ಚಿಯ ಬೆನ್ನು ಹಿಡಿದುಕೊಂಡೆ. ಬಿಡಲು ಮನಸ್ಸಿರಲಿಲ್ಲ.

"ಇವರು ಹೊಸಬರು," ಅಂದೆ. "ನಿನ್ನೆದುರು ಇವರು ಕೂರ್ತಾರೆ. ಜಾಸ್ತಿ ಹಾರಾಡಬೇಡ."

ಕನ್ನಡಕದ ಕೈಯಲ್ಲಿ ಅವನು ಹೇಳಹೆಸರಿಲ್ಲದೆ ಸೋತ. ಬಸವನಹುಳು ಚಿಪ್ಪಿನೊಳಗೆ ಕೂತೇ ಇತ್ತು, ಅವಳ ಆನೆ ಬಂದು ಉಳಿದವನ್ನೆಲ್ಲ ತುಳಿದು ಹೋಯಿತು. ಎರಡನೇ ಸುತ್ತಿಗೆ ಡ್ರೈವರ್ ಎದುರಾದ. ಕೂತವನೇ ಮುಖವನ್ನು ದಿಟ್ಟಿಸಿ, "ಅರೆ! ಭಾನುವಾರ ನನ್ನ ಬಸ್ಸಲ್ಲಿ ಇಳೀದೆ ವಾಪಸ್ ಬರೋರು ನೀವೇ ಅಲ್ವಾ? ಯಾರನ್ನೋ ಹುಡುಕ್ತಿದೀರ ಅಂದ್ಕೊಂಡಿದ್ದೆ!" ಅಂತ ಕೂಗಿದ. ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿ ನಕ್ಕರು, ಅಚ್ಚಣ್ಣನೂ ನಕ್ಕ. ಆಟ ಮುಗಿದ ಮೇಲೆ ಅವನ ಆರು ಕಾರ್ಡಿನ ಮೇಲೆ ಎಲ್ಲರೂ ಬಗ್ಗಿಬಿದ್ದು, ಇದನ್ನ ತೆಗೀರಿ, ಅದನ್ನ ಹಾಕಿ ಅಂತ ಕಿತ್ತಾಡಿದರು. ಅವನು ಕಾಣಿಸುತ್ತಲೇ ಇರಲಿಲ್ಲ, ಬರೀ ಬೆನ್ನುಗಳು. ಹಿಂದೆ ಬರೆದ ಆ ಒಂದು ಸಾಲನ್ನು ಹಾಗೇ ಬಿಟ್ಟು, ನಾನು ಬೋರ್ಡು ಒರೆಸಿದೆ. ಬೇರೆ ಒರೆಸುವಂಥದ್ದೇನೂ ಇರಲಿಲ್ಲ.

ಮೊದಮೊದಲು ಮಧ್ಯಾಹ್ನ ಬರುತ್ತಿದ್ದ. ಆಮೇಲೆ, "ಇವತ್ತು ಡ್ರೈವರ್ ಡಿಪೋ ಹತ್ರ ಕರೆದಿದಾರೆ ಮೇಡಂ, ಊಟ ಅಲ್ಲೇ," ಅಂದ. ಆಮೇಲೆ ಹೇಳುವುದನ್ನೂ ಬಿಟ್ಟ, ಹೇಳಬೇಕಾಗಿಯೂ ಇರಲಿಲ್ಲ. ಅಚ್ಚಿನ ಡಬ್ಬ ಇಟ್ಟು, ಕೈ ಬೀಸಿ, ಮೆಟ್ಟಿಲನ್ನು ಎರಡೆರಡಾಗಿ ಇಳಿದು ಹೋಗುತ್ತಿದ್ದ. ನಾನು ಕೆಲವು ದಿನ ಎರಡು ಡಬ್ಬಿ ಕಟ್ಟಿ, ಎರಡನ್ನೂ ನಾನೇ ತಿಂದೆ. ಹೊಟ್ಟೆ ಕೆಟ್ಟಿತು, ಬಿಟ್ಟೆ.

ಮತ್ತೆ ಪಂದ್ಯಾವಳಿ ಬಂತು. ಈ ಸಲ ಗೋಡೆಗೆ ಒರಗಿ ನಿಂತವಳು ನಾನೊಬ್ಬಳೇ. ನಮ್ಮವರೆಲ್ಲ ಮಧ್ಯಾಹ್ನ ಕಳೆದರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕನ್ನಡಕ ಗೆಲ್ಲುತ್ತಲೇ ಇದ್ದಳು. ಡ್ರೈವರ್ ಗೆದ್ದಾಗಲೆಲ್ಲ ರಸ್ತೆಗೇ ಕೇಳುತ್ತಿತ್ತು. ಬೇರೆ ಗುಂಪಿನವರೊಬ್ಬರು ಬಂದು, ನಿಮ್ಮ ಕಾರ್ಯಾಗಾರ ಹೇಗೆ ನಡೆಸುತ್ತೀರಿ, ನಮಗೂ ಹೇಳಿಕೊಡಿ ಅಂತ ಕೇಳಿದರು. ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ.

ಅಚ್ಚಣ್ಣನೂ ಒಂದು ಸುತ್ತು ಗೆದ್ದ. ಸೀದಾ ನನ್ನ ಹತ್ತಿರ ಓಡಿ ಬಂದು, "ನೋಡಿ ಮೇಡಂ," ಅಂತ ತನ್ನ ತಂಡವನ್ನು ಕೈಯಲ್ಲಿ ಬೀಸಣಿಗೆಯಂತೆ ಹರಡಿ ಹಿಡಿದ. ನೀರುನಾಯಿ, ಗೂಬೆ, ಮುಳ್ಳುಹಂದಿ, ಇನ್ನೂ ಏನೇನೋ. ಒಂದರ ಕುಂದನ್ನು ಇನ್ನೊಂದು ಅಚ್ಚುಕಟ್ಟಾಗಿ ಮುಚ್ಚಿತ್ತು. ಒಂದು ಕಾರ್ಡನ್ನೂ ಬದಲಿಸಬೇಕು ಅನ್ನಿಸಲಿಲ್ಲ.

"ಬಸವನಹುಳು ಎಲ್ಲಿ?" ಅಂತ ಕೇಳಿದೆ.

"ಅದನ್ನ ತೆಗೆದುಬಿಟ್ಟೆ," ಅಂದ ಅವನು, ಮುಖವೆಲ್ಲ ನಗುವಾಗಿ. "ಅದು ನಿಮಗೆ ಮಾತ್ರ ಆಗ್ತಿತ್ತು ಅಲ್ವಾ? ನೀವೇ ಬೋರ್ಡ್ ಮೇಲೆ ಬರೆದಿದೀರಲ್ಲ, ಒಬ್ಬರಿಗೋಸ್ಕರ ಜಾಗ ಇಡಬಾರದು ಅಂತ."

"ಹೌದು," ಅಂದೆ. "ಬರೆದಿದೀನಿ."

ಮುಂದಿನ ಸುತ್ತಿಗೆ ಅವನನ್ನು ಕೂಗಿದರು. ಹೋಗಿ, ತಡ ಮಾಡಬೇಡಿ ಅಂದೆ. ಅವನು ಹೋಗಿ ಕೂತ. ಅವನೆದುರು ಯಾರೋ ನನಗೆ ಗೊತ್ತಿಲ್ಲದವರು ಬಂದು ಕುರ್ಚಿ ಎಳೆದುಕೊಂಡರು.