ಉಡಿಯಕ್ಕಿ

ಪಾರಮ್ಮನ ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ, ಮಗಳು ಭಾಗ್ಯಳ ಓದಿಗೂ ಮನೆಯ ಅಕ್ಕಿ-ಬೇಳೆಗೂ ನೆರವಾಗುತ್ತಿದ್ದುದು ಸ್ಕಾಟ್ಲೆಂಡಿನ ಒಂದು ಸಂಸ್ಥೆ. ಆ ಸಂಸ್ಥೆಯ ಮೋರಾಗ್ ಎಂಬ ಹೆಂಗಸು ಒಮ್ಮೆ ಪಾರಮ್ಮನ ಊರು ಹಚ್ಚೊಳ್ಳಿಗೇ ಬಂದಳು. ತಾನೂ ಚಿಕ್ಕಂದಿನಲ್ಲಿ ತನ್ನ ದೇಶದ ಸರ್ಕಾರ ಕೊಟ್ಟದ್ದನ್ನು, ದಾನಧರ್ಮ ಮಾಡುವವರು ಕೊಟ್ಟದ್ದನ್ನು ಉಂಡು ಬೆಳೆದವಳು ಎಂದಳು. ಜೊತೆಗಿದ್ದ ಬಳ್ಳಾರಿ ಆಫೀಸಿನ ಉಮಾಪತಿ ಅದನ್ನು ಕನ್ನಡದಲ್ಲಿ ಹೇಳಿದ.

ಪಾರಮ್ಮ ಅವಳ ಕೈ ಹಿಡಿದುಕೊಂಡಳು. "ಬಿಳಿ ಮಂದ್ಯಾಗೂ ನಮ್ಮಂಥೋರು ಅದಾರೇನವ್ವಾ! ಬರಿ ಉಡೀಲೆ ಹೆಂಗ ಕಳಸ್ಲಿ?" ಎಂದವಳೇ, ತವರಿಗೆ ಬಂದ ಮಗಳಿಗೆ ಮಾಡುವಂತೆ ಅಕ್ಕಿ, ಕೊಬ್ಬರಿ ಬಟ್ಟಲು, ಭಾಗ್ಯಳಿಗೆಂದು ಎತ್ತಿಟ್ಟಿದ್ದ ಕುಪ್ಪಸದ ಹಸಿರು ಖಣ ಇಟ್ಟು, ಮಡಿಲೊಡ್ಡಿಸಿ ಅವಳಿಗೆ ಉಡಿ ತುಂಬಿದಳು. ಮೋರಾಗ್ ಕಣ್ಣೀರು ಹಾಕಿದಳು. ಉಮಾಪತಿ ಫೋಟೊ ತೆಗೆದ.

ಮರುತಿಂಗಳು ನೆರವು ನಿಂತಿತು. ಪಾರಮ್ಮ ಬಸ್ಸು ಹತ್ತಿ ಬಳ್ಳಾರಿಯ ಗಾಂಧಿನಗರದ ಆಫೀಸಿಗೆ ಬಂದಳು.

"ಈ ಮನಿಯೋರಿಗೆ ಇನ್ನೊಬ್ರಿಗೆ ಕೊಡೋವಷ್ಟು ಐತಿ, ಇಲ್ಲದೋರಿಗೆ ಕೊಡ್ರಿ ಅಂತ ಮೇಡಮ್ಮೋರು ಹೇಳ್ಯಾರ," ಎಂದ ಉಮಾಪತಿ.

"ಅದು ಉಡಿ ಅಂತ ನೀವಾರ ಬಿಡಿಸಿ ಹೇಳಬಾರದೇನ್ರೀ? ಆ ಅಕ್ಕೀನೂ ನೀವ ಕೊಟ್ಟಿದ್ದು!"

"ನನಗ ಬ್ಯಾರೆ ಕೆಲಸಿಲ್ಲೇನಬೇ? ವಿಮಾನದಾಗ ಭಾರ ಆಗ್ತೈತಂತ ಆಯಮ್ಮ ಎಲ್ಲಾ ಇಲ್ಲೇ ಬಿಟ್ಟು ಹೋದ್ಲು," ಎನ್ನುತ್ತ ಅವನು ಮೇಜಿನ ಮೇಲೆ ಚೆಲ್ಲಿದ್ದ ಚಹಾ ಒರೆಸತೊಡಗಿದ.

ಅವನ ಕೈಯಲ್ಲಿದ್ದ ಅರಿವೆ ಭಾಗ್ಯಳ ಹಸಿರು ಖಣ.