ಉಬ್ಬಿದ ಚೀಲ

ಪ್ರಾಣಿಗಳ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಚಾಕು ಮೈದುನನದ್ದು, ಉಸಿರಿನ ಉಸಾಬರಿ ಅತ್ತಿಗೆಯದ್ದು. ಡಾಕ್ಟರು ಹೊಟ್ಟೆ ಕುಯ್ಯುವಾಗ ತಲೆಯ ಕಡೆ ಸ್ಟೂಲು ಹಾಕಿಕೊಂಡು, ಪ್ರಾಣಿ ಎಷ್ಟು ಆಳದ ನಿದ್ದೆಯಲ್ಲಿದೆ ಎಂದು ನೋಡಿಕೊಳ್ಳುವ ನರ್ಸು ಅವನ ಅಣ್ಣನ ಹೆಂಡತಿಯೇ. ಮನೆಯಲ್ಲಿ ಅವಳು ಹಾಕಿದ ಗೆರೆ ಅವನು ದಾಟುತ್ತಿರಲಿಲ್ಲ. ಇಲ್ಲಿ ಮಾತ್ರ ಅವನದ್ದೇ ದರ್ಬಾರು.

ಅವತ್ತು ಮೇಜಿನ ಮೇಲಿದ್ದದ್ದು ದರ್ಜಿಯ ನಾಯಿ. ಮೂತ್ರಕೋಶದ ತುಂಬ ಕಲ್ಲು. ಹನ್ನೊಂದು ವರ್ಷ ಹೊಲಿಗೆ ಯಂತ್ರದ ಬುಡದಲ್ಲೇ ಮಲಗಿದ್ದ ಜೀವ. ಬೆಳಿಗ್ಗೆ ಅತ್ತಿಗೆ ಅರಿವಳಿಕೆಯ ಗ್ಯಾಸ್ ಕೊಡುವ ಯಂತ್ರ ಪರೀಕ್ಷಿಸುತ್ತಿದ್ದಾಗಲೇ ದರ್ಜಿ ಬಾಗಿಲಲ್ಲಿ ನಿಂತು, "ಬದುಕಿಸಿ ಕೊಡಿ ಅಮ್ಮ" ಎಂದಿದ್ದ. ಕೊಡುತ್ತೇನೆ ಎಂದು ಅವಳು ಮಾತು ಕೊಟ್ಟುಬಿಟ್ಟಿದ್ದಳು. ಈ ಕೆಲಸದಲ್ಲಿರುವವರು ಕೊಡಬಾರದ ಮಾತು ಅದು.

ನಾಯಿಯನ್ನು ಪಕ್ಕದ ಕೋಣೆಯಲ್ಲಿ ಸೂಜಿ ಕೊಟ್ಟು ಮಲಗಿಸಿ ತಂದು, ಬಾಯಿಗೆ ಕೊಳವೆ ಇಳಿಸಿ ಈ ಯಂತ್ರಕ್ಕೆ ಜೋಡಿಸಿ, ಚರ್ಮಕ್ಕೆ ಚಾಕು ಇಟ್ಟಿದ್ದಷ್ಟೇ. ನಾಯಿಯ ಹೊಟ್ಟೆ ಬಿಗಿದುಕೊಂಡು ಒತ್ತತೊಡಗಿತು. ಮೈದುನ ತಲೆ ಎತ್ತದೆಯೇ ಸಿಡುಕಿದ.

"ಎಚ್ಚರ ಆಗ್ತಿದೆ ಅತ್ತಿಗೆ. ಗ್ಯಾಸ್ ಏರಿಸಿ."

ಅವಳ ಕೈ ಗುಂಡಿಯವರೆಗೆ ಹೋಗಿ ನಿಂತಿತು. ರೆಪ್ಪೆಯ ಮೂಲೆ ಮುಟ್ಟಿದಳು, ಮಿಟುಕಲಿಲ್ಲ. ದವಡೆ ಎಳೆದರೆ ಸಡಿಲವಾಗಿ ಬಂತು. ನಾಲಿಗೆಯಡಿಯ ನಾಡಿ ಬೆರಳಿಗೆ ಸಿಕ್ಕೂ ಸಿಗದಂತಿತ್ತು. ಎಚ್ಚರವಾಗುವ ನಾಯಿ ಹೀಗಿರುವುದಿಲ್ಲ. ಇನ್ನಷ್ಟು ಗ್ಯಾಸ್ ಕೊಟ್ಟರೆ ಇದು ಮೇಲೇಳುವುದೇ ಇಲ್ಲ.

"ಏರಿಸಲ್ಲ" ಎಂದಳು.

ಅವನು ಗದರಿದ. ಇಲ್ಲಿ ಡಾಕ್ಟರು ಯಾರು ಎಂದೂ ಕೇಳಿದ. ಅವಳು ಕಿವಿಗೆ ಹಾಕಿಕೊಳ್ಳದೆ, ನಾಯಿಯ ಬಾಯಿಂದ ಕೊಳವೆಯ ಗುಂಟ ಕಣ್ಣು ಹಾಯಿಸುತ್ತ ಹೋದಳು. ಉಸಿರಿನ ಚೀಲ ಫುಟ್‌ಬಾಲಿನಂತೆ ಉಬ್ಬಿ ನಿಂತಿತ್ತು. ಹೆಚ್ಚಾದ ಗಾಳಿ ಹೊರಹೋಗಬೇಕಾದ ಕವಾಟ ಬಿಗಿಯಾಗಿ ಮುಚ್ಚಿತ್ತು. ನಾಯಿಗೆ ಉಸಿರು ಬಿಡಲು ದಾರಿಯೇ ಇರಲಿಲ್ಲ. ಯಂತ್ರದಲ್ಲಿ ಸೋರಿಕೆ ಇದೆಯೇ ನೋಡಲೆಂದು ಬೆಳಿಗ್ಗೆ ಅದನ್ನು ಮುಚ್ಚಿದವಳು ಅವಳೇ. ದರ್ಜಿಗೆ ಮಾತು ಕೊಡುವ ಭರದಲ್ಲಿ ತೆರೆಯಲು ಮರೆತಿದ್ದಳು.

ಕವಾಟ ತಿರುಗಿಸಿದಳು. ಗಾಳಿ ಬುಸ್ಸೆಂದಿತು, ನಾಯಿಯ ಎದೆ ಇಳಿಯಿತು. ಮೈದುನನ ಕಣ್ಣು ಇನ್ನೂ ಹೊಟ್ಟೆಯ ಮೇಲೇ ಇತ್ತು. ಸುಮ್ಮನಿದ್ದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ.

"ಕೈ ತೆಗಿ. ಕವಾಟ ಮುಚ್ಚಿತ್ತು. ನಾನೇ ಮುಚ್ಚಿ ಮರೆತಿದ್ದೆ."

ಅವನು ಕೈ ಎತ್ತಿ ನಿಂತ. ಅವಳು ಗ್ಯಾಸ್ ನಿಲ್ಲಿಸಿ, ಬರೀ ಆಕ್ಸಿಜನ್ ತುಂಬಿ, ಎಣಿಸಿ ಎಣಿಸಿ ಚೀಲ ಒತ್ತಿದಳು. ನಾಚಿಕೆ ಪಡಲು ಆಮೇಲೆ ಬೇಕಾದಷ್ಟು ಹೊತ್ತಿದೆ, ಈಗ ಎಣಿಸು ಎಂದು ತನಗೆ ತಾನೇ ಹೇಳಿಕೊಂಡಳು. ನಲವತ್ತನೆಯ ಉಸಿರಿಗೆ ನಾಡಿ ಗಟ್ಟಿಯಾಯಿತು. ರೆಪ್ಪೆ ಮುಟ್ಟಿದಾಗ ಸಣ್ಣಗೆ ಮಿಟುಕಿತು. ಆಮೇಲೆಯೇ ಗ್ಯಾಸನ್ನು ಚೂರೇ ಚೂರು ತೆರೆದು, ಮುಂದುವರಿಸು ಎಂದಳು.

ಮಧ್ಯಾಹ್ನ ನಾಯಿ ಕಣ್ಣು ಬಿಟ್ಟ ಮೇಲೆ ಅವಳು ವರದಿ ಹಾಳೆಯಲ್ಲಿ "ಕವಾಟ ತೆರೆದಿರಲಿಲ್ಲ, ತಪ್ಪು ನನ್ನದು" ಎಂದು ಬರೆದು ಸಹಿ ಹಾಕಿ ಮೈದುನನ ಮುಂದಿಟ್ಟಳು. ಮೇಲಿನವರು ಓದಿದರೆ ಕೆಲಸಕ್ಕೇ ಸಂಚಕಾರ. ಅವನು ಪೆನ್ನು ತೆಗೆದ. ಆ ಸಾಲನ್ನು ಹೊಡೆದುಹಾಕುತ್ತಾನೆ ಎಂದು ಅವಳು ಹಾಳೆಗೆ ಕೈ ಅಡ್ಡ ಇಟ್ಟಳು. ಅವನು ಆ ಕೈಯ ಕೆಳಗಿನ ಜಾಗದಲ್ಲಿ ಬರೆದ: "ಗ್ಯಾಸ್ ಏರಿಸಲು ಹೇಳಿದವನು ನಾನು. ಅವರು ಒಪ್ಪಲಿಲ್ಲ." ತಾನೂ ಸಹಿ ಹಾಕಿದ.

ನಡೆದದ್ದನ್ನು ದರ್ಜಿಗೆ ಯಾರು ಹೇಳುವುದು ಎಂದು ಕೇಳಿದ. ನಾನೇ ಎಂದು ಅವಳು ಎದ್ದಳು. ದರ್ಜಿ ಕಾಯುತ್ತ ಕೂತಿದ್ದ ಬೆಂಚಿನ ಹತ್ತಿರ ಹೋಗಿ ತಿರುಗಿ ನೋಡಿದರೆ, ಅವನೂ ಹಿಂದೆಯೇ ಬಂದಿದ್ದ.